ಓವರ್‌ಥ್ರೋ (ಬೇಸ್‌ಬಾಲ್)

ಕ್ಷೇತ್ರರಕ್ಷಕ ಎಸೆದ ಚೆಂಡು ಪ್ರೇಕ್ಷಕರತ್ತಲೋ ಡಗೌಟಿನೊಳಗೋ ಹೋಗಿ ಆಟದಿಂದ ಹೊರಬೀಳುವುದು. ಆಗ ಆಟ ನಿಲ್ಲುತ್ತದೆ. ಅಂಪೈರ್ ಪ್ರತಿ ಓಟಗಾರನಿಗೂ ಎರಡು ಬೇಸ್ ಕೊಡುತ್ತಾನೆ. ಪಿಚರ್ ತನ್ನ ಹಲಗೆಯ ಮೇಲಿಂದಲೇ ಎಸೆದಿದ್ದರೆ ಒಂದೇ. ತೊಡಕೆಲ್ಲ ಎಣಿಕೆ ಎಲ್ಲಿಂದ ಎಂಬುದರಲ್ಲಿದೆ. ಅದು ಇನ್‌ಫೀಲ್ಡರ್‌ನ ಮೊದಲ ಯತ್ನವಾಗಿದ್ದರೆ, ಸಾಮಾನ್ಯವಾಗಿ ಪಿಚ್ ಮಾಡಿದಾಗ ಓಟಗಾರ ಇದ್ದ ಬೇಸಿನಿಂದ. ಉಳಿದಂತೆ ಚೆಂಡು ಎಸೆದವನ ಕೈ ಬಿಟ್ಟ ಕ್ಷಣದಲ್ಲಿ ಅವನು ಇದ್ದ ಬೇಸಿನಿಂದ. ಚೆಂಡು ಗೆರೆ ದಾಟಿದ ಹೊತ್ತು ಲೆಕ್ಕಕ್ಕಿಲ್ಲ.

ಇದಕ್ಕೆ ಹತ್ತಿರದ ಹೋಲಿಕೆ ಕ್ರಿಕೆಟ್. ಅಲ್ಲಿಯೂ ಕ್ಷೇತ್ರರಕ್ಷಕನ ಎಸೆತದ ಕ್ಷಣವೇ ಮುಖ್ಯ: ಚೆಂಡು ಬೌಂಡರಿ ಸೇರಿದರೆ ಅದರ 4 ರನ್ನಿಗೆ ಪೂರೈಸಿದ ಓಟಗಳು ಸೇರುತ್ತವೆ, ಬ್ಯಾಟರುಗಳು ಆಗಲೇ ಪರಸ್ಪರ ದಾಟಿದ್ದರೆ ನಡೆಯುತ್ತಿದ್ದ ಓಟವೂ. 2019ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಬ್ಯಾಟರ್ ಸ್ಟೋಕ್ಸ್ ಬ್ಯಾಟಿಗೆ ತಗುಲಿ ಬೌಂಡರಿ ಸೇರಿದ ಕ್ಷೇತ್ರರಕ್ಷಕನ ಎಸೆತಕ್ಕೆ 6 ರನ್ ಸಿಕ್ಕಿತು. ಎಸೆದಾಗ ಬ್ಯಾಟರುಗಳು ಎರಡನೇ ಓಟದಲ್ಲಿ ಪರಸ್ಪರ ದಾಟಿರಲಿಲ್ಲವಾದ್ದರಿಂದ 5 ಕೊಡಬೇಕಿತ್ತೆಂದು ಮಾಜಿ ಅಂಪೈರ್ ಸೈಮನ್ ಟಾಫೆಲ್ ಹೇಳಿದರು.