ಬೊಂಬಾಯಿ ಪೆನ್ನಿನ ಬೆಲೆ

ಬೊಂಬಾಯಿಯಿಂದ ರಜೆಯಲ್ಲಿ ಊರಿಗೆ ಬರುತ್ತಿದ್ದವರ ಟ್ರಂಕಿನಲ್ಲಿ ಏನೇನಿರುತ್ತಿತ್ತು ಎಂದು ಕರಾವಳಿಯ ಹಿರಿಯರನ್ನು ಕೇಳಿ ನೋಡಿ. ತಂಗಿಗೆ ಸೀರೆ, ಮಕ್ಕಳಿಗೆ ಬಿಸ್ಕೀಟು, ಕಾಲೇಜಿಗೆ ಹೋಗುವ ತಮ್ಮನಿಗೆ ಒಂದು ಇಂಕ್ ಪೆನ್ನು. ಅದು 'ಫಾರಿನ್' ಆಗಿದ್ದರಂತೂ ಕ್ಲಿಪ್ಪು ಎಲ್ಲರಿಗೂ ಕಾಣುವಂತೆ ಅಂಗಿ ಕಿಸೆಗೆ ಸಿಕ್ಕಿಸಿಕೊಂಡೇ ಮದುವೆಮನೆಗೆ ಹೋಗುವುದು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದ ನಮ್ಮವರಿಗೆ ಕಿಸೆಯ ಪೆನ್ನೆಂದರೆ ತಟ್ಟೆ-ಲೋಟ ತೊಳೆಯುವ ಕಾಲ ಮುಗಿಯಿತೆಂಬ ಗುರುತು.

ಆ ತಲೆಮಾರು ಈಗ ಕರಗುತ್ತಿದೆ. ಚಾಳಿನ ಖೋಲಿ ಬಿಟ್ಟು ಮಕ್ಕಳು ದೂರದ ಫ್ಲ್ಯಾಟಿಗೆ ಹೋಗುವಾಗ ಅಪ್ಪನ ಮೇಜಿನ ಡ್ರಾಯರಿನಲ್ಲಿದ್ದದ್ದೆಲ್ಲ ರದ್ದಿಯವನ ಪಾಲಾಗುತ್ತದೆ. ಅಲ್ಲಿಂದ ಎಷ್ಟೋ ಪೆನ್ನುಗಳು ಚೋರ್ ಬಜಾರಿನ ಮಟನ್ ಸ್ಟ್ರೀಟ್ ಕಡೆಗೆ ಬರುತ್ತವೆ. "ಅಲ್ಲಿ ಹಳೇ ಪಾರ್ಕರ್ ಸಿಗ್ತದಂತಲ್ಲ, ಎಷ್ಟು ಕೊಡಬಹುದು ಮಾರಾಯ್ರೇ?" ಎಂದು ಊರಿಂದ ಬಂದ ನೆಂಟರು ಕೇಳುವುದುಂಟು. ಪೆನ್ನಿನ ಚರಿತ್ರೆ ಗೊತ್ತಿಲ್ಲದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು.

ಹೆಚ್ಚಿನವರು ಹುಡುಕುವುದು ಪಾರ್ಕರ್ 51. ಪಾರ್ಕರ್ ಕಂಪೆನಿ 1888ರಲ್ಲಿ ಅಮೆರಿಕದ ಜೇನ್ಸ್‌ವಿಲ್ ಊರಿನಲ್ಲಿ ಹುಟ್ಟಿತು. 1939ರಲ್ಲಿ ಅದಕ್ಕೆ 51 ವರ್ಷ ತುಂಬಿದ ನೆನಪಿಗೆ ಈ ಹೆಸರು. 1941ರಲ್ಲಿ ಪೇಟೆಗೆ ಬಂದಾಗ ಬೆಲೆ ಹನ್ನೆರಡೂವರೆ ಡಾಲರ್. ಆಗಿನ ವಿನಿಮಯದಲ್ಲಿ ಸುಮಾರು 41 ರೂಪಾಯಿ. ನಿಬ್ಬಿನ ತುದಿಯಷ್ಟೇ ಹೊರಗಿಣುಕುತ್ತದೆ, ಉಳಿದದ್ದೆಲ್ಲ ಮುಸುಕಿನೊಳಗೆ. ಹಾಗಾಗಿ ಶಾಯಿ ಬೇಗ ಒಣಗುವುದಿಲ್ಲ.

1948ರವರೆಗಿನ 51ರಲ್ಲಿ ಶಾಯಿ ಎಳೆಯುವುದು 'ವ್ಯಾಕ್ಯುಮ್ಯಾಟಿಕ್' ಪಂಪು. ಹಿಂಬದಿಯ ಮುಚ್ಚಳ ತಿರುಗಿಸಿ ತೆಗೆದು ಒಳಗಿನ ಗುಂಡಿಯನ್ನು ಒತ್ತಬೇಕು. ಅದರ ರಬ್ಬರ್ ಪೊರೆ ವರ್ಷಗಳು ಕಳೆದಂತೆ ಹಾಳಾಗುತ್ತದೆ. 1948ರಲ್ಲಿ ಬಂದ 'ಏರೋಮೆಟ್ರಿಕ್' ಮಾದರಿಯಲ್ಲಿ ಒತ್ತಿ ತುಂಬುವ ಪಾರದರ್ಶಕ ಪ್ಲಾಸ್ಟಿಕ್ ಚೀಲವಿದೆ. ಎಪ್ಪತ್ತು ವರ್ಷ ಕಳೆದರೂ ಎಷ್ಟೋ ಪೆನ್ನುಗಳಲ್ಲಿ ಅದು ಇನ್ನೂ ಕೆಲಸ ಮಾಡುತ್ತದೆ. ಆದ್ದರಿಂದ ಮೊದಲನೆಯದನ್ನು ಕೊಳ್ಳುವಾಗ ರಿಪೇರಿ ಖರ್ಚನ್ನು ಬೆಲೆಯಿಂದ ಕಳೆಯುವುದು ನ್ಯಾಯ. ಎರಡನೆಯದರಲ್ಲಿ ನೀರು ಎಳೆಸಿ ನೋಡಿದರೆ ಸಾಕು.

ಇನ್ನು ನಮ್ಮ ದೇಶದ ಕಥೆ. 1957ರ ಹೊತ್ತಿಗೆ ವಿದೇಶಿ ವಿನಿಮಯದ ಬಿಕ್ಕಟ್ಟು ಬಂದು ಆಮದಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾಯಿತು. ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳ ಕೊನೆಯ ಕಂತು ತೆರವಾದದ್ದು 2001ರ ಏಪ್ರಿಲ್ 1ರಂದು. ನಡುವಿನ ದಶಕಗಳಲ್ಲಿ ಫಾರಿನ್ ಪೆನ್ನು ಬಂದದ್ದು ಹಡಗಿನವರ ಚೀಲದಲ್ಲಿ, ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ, ಕಳ್ಳಸಾಗಣೆಯ ಮಾಲಿನಲ್ಲಿ. ಸಿಗದ ವಸ್ತುವಿಗೆ ಬಂದ ಆ ಮೆರುಗು ಇವತ್ತೂ ಅಳಿದಿಲ್ಲ. ವ್ಯಾಪಾರಿ "ಸಾಬ್, ಇಂಪೋರ್ಟೆಡ್" ಎಂದು ಎರಡು ಪಟ್ಟು ಹೇಳುವುದು ಆ ಮೆರುಗಿಗೇ.

ಶಾಂಘಾಯಿಯ ಹೀರೋ 616 ಕೂಡ ನಮ್ಮಲ್ಲಿಗೆ ಬಂತು. ನೋಡಲು 51ರ ತಮ್ಮನೇ. ಒಳ್ಳೆಯ ಪೆನ್ನೇನೋ ಹೌದು, ಎಷ್ಟೋ ಹುಡುಗರು ಅದರಲ್ಲೇ ಪರೀಕ್ಷೆ ಬರೆದು ಪಾಸಾಗಿದ್ದಾರೆ; ಆದರೆ ಪಾರ್ಕರಿನ ಬೆಲೆ ಅದಕ್ಕೆ ಸಲ್ಲದು. ಏರೋಮೆಟ್ರಿಕ್ 51ರ ಹಿಂಭಾಗ ಬಿಚ್ಚಿದರೆ ಚೀಲದ ಲೋಹದ ಕವಚದ ಮೇಲೆ ಪಾರ್ಕರ್ ಹೆಸರೂ ಶಾಯಿ ತುಂಬುವ ವಿಧಾನವೂ ಕೊರೆದಿರುತ್ತವೆ. ಒಂದರ ಟೋಪಿ ಇನ್ನೊಂದರ ಮೈಗೆ ಕೂಡಿಸಿದ ಜೋಡಣೆ ಪೆನ್ನುಗಳೂ ಇರುತ್ತವೆ, ಅದನ್ನೂ ನೋಡಿಕೊಳ್ಳಿ. 'ಸೋನೇ ಕಾ ನಿಬ್' ಎಂಬ ಮಾತಿಗೆ ಮರುಳಾಗಬೇಡಿ. ಆ ಚಿನ್ನ ಒಂದು ಗ್ರಾಮೂ ತೂಗದು. ತುದಿಯ ಗಟ್ಟಿ ಲೋಹದ ಚುಕ್ಕೆ ಸವೆದಿದ್ದರೆ ಚಿನ್ನವಿದ್ದೂ ಬರೆಯಲಾಗದು.

ಹಳೆಯ ಪೆನ್ನುಗಳ ಮೈಮೇಲೆ ಕೆಲವೊಮ್ಮೆ ಹೆಸರು ಕೊರೆದಿರುತ್ತದೆ. ಹಿಂದೆ ಪೆನ್ನು ಉಡುಗೊರೆ ಕೊಡುವವರು ಹೀಗೆ ಹೆಸರು ಹಾಕಿಸುತ್ತಿದ್ದರು. ಶೆಟ್ಟಿ, ರಾವ್, ಕಾಮತ್ ಎಂಬಂಥ ಹೆಸರು ಕಂಡಾಗ ಕೈ ತಡೆಯುತ್ತದೆ. ಸಂಗ್ರಾಹಕರ ಲೆಕ್ಕದಲ್ಲಿ ಸಾಮಾನ್ಯವಾಗಿ ಹೆಸರು ಕೊರೆದ ಪೆನ್ನಿಗೆ ಬೆಲೆ ಕಡಿಮೆ. ಬೇರೆಯವನ ಹೆಸರು ಯಾರಿಗೆ ಬೇಕು? ಆದರೆ ಈ ಊರಿನಲ್ಲಿ ನಮ್ಮವರೊಬ್ಬರು ದುಡಿದು ಬಾಳಿದರು ಎನ್ನುವುದಕ್ಕೆ ಕೆಲವು ಮನೆಗಳಲ್ಲಿ ಉಳಿದ ಬರಹ ಅದೊಂದೇ.

ನ್ಯಾಯವಾದ ಬೆಲೆ ಎಂದರೆ ಕೊಳ್ಳುವವನ ಲಾಭ ಮಾತ್ರ ಎಂದುಕೊಳ್ಳಬಾರದು. ಗೋಣಿತಟ್ಟಿನ ಮೇಲೆ ಹರಡಿ ಕೂತವನಿಗೆ ಮಾಲಿನ ಬೆಲೆ ಗೊತ್ತಿಲ್ಲದಿದ್ದರೆ ಬಿಡಿಗಾಸಿಗೆ ಎತ್ತಿಕೊಂಡು ಬಂದು ಮೀಸೆ ತಿರುವುವವರನ್ನು ಕಂಡಿದ್ದೇನೆ. ರದ್ದಿಯವನು ಮುದುಕಿಯೊಬ್ಬಳಿಗೆ ಮಾಡುವುದನ್ನೇ ಅವರು ಇವನಿಗೆ ಮಾಡಿದ್ದಾರೆ, ಅಷ್ಟೇ. ಬರೆಯುವ ಪೆನ್ನಿಗೆ ಬರೆಯುವ ಪೆನ್ನಿನ ಬೆಲೆ ಕೊಡಿ; ಕೆಟ್ಟದ್ದಕ್ಕೆ ರಿಪೇರಿ ಖರ್ಚು ಕಳೆಯಿರಿ; ಕಟ್ಟುಕಥೆಗೆ ಮಾತ್ರ ದುಡ್ಡು ಕೊಡಬೇಡಿ.

ಚೋರ್ ಬಜಾರಿಗೆ ಬರುವ ಮೊದಲು ಊರಿನ ಮನೆಯ ಅಟ್ಟವನ್ನೂ ಹಳೇ ಟ್ರಂಕನ್ನೂ ಒಮ್ಮೆ ತಡಕಿ ನೋಡಿ. ಬೊಂಬಾಯಿ ಮಾವನೋ ಅಣ್ಣನೋ ತಂದುಕೊಟ್ಟ ಪೆನ್ನು ಒಣಗಿ ಬಿದ್ದಿರಬಹುದು. ಉಗುರುಬೆಚ್ಚಗಿನ ನೀರಿನಲ್ಲಿ ನಿಬ್ಬಿನ ಭಾಗವನ್ನಷ್ಟೇ ಒಂದು ರಾತ್ರಿ ಮುಳುಗಿಸಿಟ್ಟರೆ ಬೆಳಿಗ್ಗೆ ಹಳೆಯ ಶಾಯಿಯ ನೀಲಿ ನೀರಿಗೆ ಬಿಟ್ಟುಕೊಂಡಿರುತ್ತದೆ.