ಕ್ಲಿಕ್ ಮಾಡ್ಯುಲರ್ ರೂಟರ್

ಕ್ಲಿಕ್ ಎಂಬುದು ಸಾಮಾನ್ಯ ಕಂಪ್ಯೂಟರನ್ನೇ ರೂಟರ್ ಆಗಿಸುವ ತಂತ್ರಾಂಶ. ಅಮೆರಿಕದ ಎಂಐಟಿಯಲ್ಲಿ ಎಡ್ಡಿ ಕೋಲರ್, ರಾಬರ್ಟ್ ಮಾರಿಸ್, ಬೆಂಜಿ ಚೆನ್, ಜಾನ್ ಜನ್ನೊಟ್ಟಿ, ಫ್ರಾನ್ಸ್ ಕಾಶೂಕ್ ಇದನ್ನು ರೂಪಿಸಿದರು. ಮೊದಲ ಪ್ರಬಂಧ 1999ರಲ್ಲಿ, ವಿಸ್ತೃತ ರೂಪ 2000ದಲ್ಲಿ ಪ್ರಕಟವಾದವು. ಆ ಕಾಲದ ರೂಟರುಗಳು ಬಹುಮಟ್ಟಿಗೆ ಮುಚ್ಚಿದ ಪೆಟ್ಟಿಗೆಗಳು. ತಯಾರಕರು ಕೊಟ್ಟ ಆಯ್ಕೆಗಳನ್ನು ಬದಲಿಸಬಹುದಿತ್ತು, ಒಳಗಿನ ಕ್ರಮವನ್ನಲ್ಲ.

ರಚನೆ

ಕ್ಲಿಕ್‌ನಲ್ಲಿ ಒಂದೊಂದು ಸಣ್ಣ ಕೆಲಸಕ್ಕೆ ಒಂದೊಂದು ಘಟಕ. ಸಿ++ನಲ್ಲಿ ಬರೆದ ಈ ಘಟಕಗಳನ್ನು ಸರಳ ಭಾಷೆಯೊಂದರಲ್ಲಿ ಬಾಣದ ಗುರುತು ಹಾಕಿ ಜೋಡಿಸಿದರೆ ರೂಟರ್ ಸಿದ್ಧ. 'ಡೆಕ್‌ಐಪಿಟಿಟಿಎಲ್' ಎಂಬ ಘಟಕ ಪ್ಯಾಕೆಟ್ಟಿನ ಆಯುಷ್ಯದ ಎಣಿಕೆಯನ್ನು ಒಂದು ಇಳಿಸಿ, ಚೆಕ್‌ಸಮ್ ಸರಿಪಡಿಸಿ ಮುಂದೆ ಕಳುಹಿಸುತ್ತದೆ. ಆಯುಷ್ಯ ಮುಗಿದ ಪ್ಯಾಕೆಟ್ ಅದರ ಎರಡನೆಯ ದ್ವಾರದಿಂದ ಹೊರಬಿದ್ದು, ದೋಷದ ಸಂದೇಶ ತಯಾರಿಸುವ ಘಟಕ ಸೇರುತ್ತದೆ. ಮಾನಕಗಳಿಗೆ ಒಪ್ಪುವ ಐಪಿ ರೂಟರ್ ಒಂದರಲ್ಲಿ ಪ್ಯಾಕೆಟ್ ಹಾಯುವ ದಾರಿಯಲ್ಲಿ ಇಂಥ 16 ಘಟಕಗಳಿರುತ್ತವೆ.

ಬಿಡಿಭಾಗಗಳ ಕಲ್ಪನೆ ಕ್ಲಿಕ್‌ಗಿಂತ ಹಳೆಯದು. ಯುನಿಕ್ಸ್‌ನ ಸ್ಟ್ರೀಮ್ಸ್, ಎಕ್ಸ್-ಕರ್ನಲ್‌ಗಳಲ್ಲಿ ಅದು ಆಗಲೇ ಇತ್ತು. ಕ್ಲಿಕ್‌ನ ನಿಜವಾದ ಹೆಚ್ಚುಗಾರಿಕೆ, ಪ್ಯಾಕೆಟ್ಟುಗಳು ಕಾಯುವ ಸರತಿಯನ್ನು ಕಣ್ಣಿಗೆ ಕಾಣುವ ಘಟಕವನ್ನಾಗಿ ಮಾಡಿದ್ದು. ಇಲ್ಲಿ ಜೋಡಣೆ ಎರಡು ಬಗೆ. 'ಪುಶ್' ಜೋಡಣೆಯಲ್ಲಿ ಹಿಂದಿನ ಘಟಕ ಪ್ಯಾಕೆಟ್ಟನ್ನು ಮುಂದಕ್ಕೆ ದೂಡುತ್ತದೆ. ಜಾಲದ ಕಾರ್ಡಿಗೆ ಪ್ಯಾಕೆಟ್ ಬಂದಾಗ ಆಗುವುದು ಇದೇ. 'ಪುಲ್' ಜೋಡಣೆಯಲ್ಲಿ ಮುಂದಿನ ಘಟಕ ಹಿಂದಿನದನ್ನು ಕೇಳಿ ಪಡೆಯುತ್ತದೆ. ಹೊರಹೋಗುವ ಕಾರ್ಡಿಗೆ ಬಿಡುವಾದಾಗ ಬೇಕಾದದ್ದು ಇದು. ದೂಡುವ ದ್ವಾರವನ್ನು ಕೇಳುವ ದ್ವಾರಕ್ಕೆ ನೇರವಾಗಿ ಕಟ್ಟಿದರೆ ರೂಟರ್ ಶುರುವಾಗುವ ಮೊದಲೇ ತಪ್ಪು ಹೊರಬೀಳುತ್ತದೆ. ನಡುವೆ 'ಕ್ಯೂ' ಇರಲೇಬೇಕು. ಇದರಿಂದ ಎರಡು ಸರತಿಗಳಲ್ಲಿ ಯಾವುದಕ್ಕೆ ಆದ್ಯತೆ ಎಂಬ ತೀರ್ಮಾನವೂ ಒಂದು ಸಣ್ಣ ಘಟಕದ ಕೆಲಸವಾಗುತ್ತದೆ: ಕಾರ್ಡ್ ಕೇಳಿದಾಗ ಅದು ತನ್ನ ಹಿಂದಿನ ಸರತಿಗಳನ್ನು ಆದ್ಯತೆಯ ಕ್ರಮದಲ್ಲಿ ಕೇಳುತ್ತದೆ, ಅಷ್ಟೆ. ದಟ್ಟಣೆ ಏರಿದಂತೆ ಪ್ಯಾಕೆಟ್ ಕೈಬಿಡುವ 'ರೆಡ್' ಘಟಕ ತನ್ನ ಮುಂದಿರುವ ಸರತಿಯನ್ನು ತಾನೇ ಹುಡುಕಿ ಅದರ ಉದ್ದ ತಿಳಿದುಕೊಳ್ಳುತ್ತದೆ.

ವೇಗದ ಪ್ರಶ್ನೆ

ಇಷ್ಟು ತುಂಡು ಮಾಡಿದರೆ ವೇಗ ಕುಸಿಯದೇ ಎಂಬುದು ಸಹಜ ಆಕ್ಷೇಪ. 700 ಮೆಗಾಹರ್ಟ್ಸ್ ಪೆಂಟಿಯಂ 3 ಯಂತ್ರದಲ್ಲಿ ಕ್ಲಿಕ್ ಸೆಕೆಂಡಿಗೆ 64 ಬೈಟಿನ 3,33,000 ಪ್ಯಾಕೆಟ್ಟುಗಳನ್ನು ನಷ್ಟವಿಲ್ಲದೆ ಸಾಗಿಸಿತು. ಈ ಶ್ರೇಯವನ್ನೆಲ್ಲ ಬಿಡಿಭಾಗಗಳ ರಚನೆಗೆ ಕೊಡುವಂತಿಲ್ಲ. ಪ್ರತಿ ಪ್ಯಾಕೆಟ್ಟಿಗೂ ಇಂಟರಪ್ಟ್ ಮಾಡಿಸಿಕೊಳ್ಳದೆ ಕಾರ್ಡನ್ನು ತಾನೇ ಆಗಾಗ ವಿಚಾರಿಸುವ ಪೋಲಿಂಗ್ ವಿಧಾನದ ಪಾಲು ದೊಡ್ಡದು. ಆದರೆ ಘಟಕಗಳಾಗಿ ಒಡೆದದ್ದರ ಬೆಲೆ ತೆರಬಹುದಾದಷ್ಟೇ ಎಂಬುದನ್ನಂತೂ ಈ ಅಂಕಿ ಸಾಬೀತುಪಡಿಸುತ್ತದೆ.

ಮಿತಿಯೊಂದಿದೆ. ಪ್ಯಾಕೆಟ್ ಒಂದು ಘಟಕದಿಂದ ಇನ್ನೊಂದಕ್ಕೆ ಹರಿಯುವ ಕೆಲಸಕ್ಕೆ ಈ ಮಾದರಿ ಒಗ್ಗುತ್ತದೆ. ಟಿಸಿಪಿಯಂತೆ ಸಂಪರ್ಕದ ಸ್ಥಿತಿಯನ್ನು ನೆನಪಿಡಬೇಕಾದ ಕಡೆ ಅಷ್ಟಾಗಿ ಒಗ್ಗದು.

ಪ್ರಭಾವ

ಎಂಐಟಿಯ ವೈರ್‌ಲೆಸ್ ಜಾಲ ರೂಫ್‌ನೆಟ್ ಕ್ಲಿಕ್ ಮೇಲೆ ನಡೆಯಿತು. 2009ರ ರೂಟ್‌ಬ್ರಿಕ್ಸ್ ಕ್ಲಿಕ್ ಓಡುವ ಹಲವು ಸರ್ವರುಗಳನ್ನು ಕೂಡಿಸಿ ಒಂದೇ ರೂಟರ್ ಆಗಿಸಿತು. 2014ರ ಕ್ಲಿಕ್‌ಒಎಸ್ ಪುಟ್ಟ ವರ್ಚುವಲ್ ಯಂತ್ರಗಳಲ್ಲಿ, 2015ರ ಫಾಸ್ಟ್‌ಕ್ಲಿಕ್ ಹೊಸ ವೇಗದ ಕಾರ್ಡುಗಳ ಮೇಲೆ ಕ್ಲಿಕ್ಕನ್ನು ಓಡಿಸಿದವು. ಯಂತ್ರಾಂಶ ಇಷ್ಟು ಬದಲಾದರೂ ಘಟಕ, ಬಾಣ, ಸರತಿಗಳ ಮೂಲ ವಿನ್ಯಾಸ ಉಳಿದುಬಂದಿದೆ.