ಒಂದು ಬೋರ್ಡು, ಎರಡು ರೆಸಿನ್

ನಮ್ಮ ಸಸಿಹಿತ್ಲು ಬೀಚಲ್ಲಿ ಸರ್ಫಿಂಗ್ ಸ್ಪರ್ಧೆ ನೋಡಿದವರು ಬೋರ್ಡಿನ ಗಾಜಿನಂಥ ಹೊರಮೈ ಗಮನಿಸಿರ್ತೀರ. ಆ ಹೊರಮೈ ಹುಟ್ಟಿದ ಕಥೆ ಕ್ಯಾಲಿಫೋರ್ನಿಯಾದ್ದು.

ಮೊದಲು ಬೋರ್ಡ್ ಅಂದ್ರೆ ಮರ ಮತ್ತು ವಾರ್ನಿಷ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಫೈಬರ್‌ಗ್ಲಾಸ್ ಬಟ್ಟೆ, ಪಾಲಿಯೆಸ್ಟರ್ ರೆಸಿನ್ ಬಂತು. 1940ರ ದಶಕದ ಕೊನೆಗೆ ಬಾಬ್ ಸಿಮನ್ಸ್ ಬೋರ್ಡಿನ ಒಳಗೆ ಥರ್ಮೋಕೋಲ್ ಜಾತಿಯ ಫೋಮ್ ಹಾಕಿದರು. ರೆಸಿನ್‌ನಲ್ಲಿರೋ ಸ್ಟೈರೀನ್ ತಾಗಿದ್ರೆ ಆ ಫೋಮ್ ಕರಗಿಹೋಗುತ್ತೆ. ಅದಕ್ಕೇ ಮಧ್ಯೆ ಪ್ಲೈವುಡ್ ಪದರ ಕೊಡಬೇಕಾಯ್ತು. 1958ರ ಹೊತ್ತಿಗೆ ಹೋಬಿ ಆಲ್ಟರ್, ಗಾರ್ಡನ್ ಕ್ಲಾರ್ಕ್ ಪಾಲಿಯುರೆಥೇನ್ ಫೋಮ್ ತಂದರು. ಇದು ಕರಗಲ್ಲ.

ಇನ್ನು ಡಬ್ಬಿಗೆ ಏನು ಬೆರೆಸೋದು? ನಾನು ಬಿಕಾಂ, ಕೆಮಿಸ್ಟ್ರಿ ಅಂದ್ರೆ ದೂರ. ಆದ್ರೂ ಈ ಭಾಗ ನಂಗೆ ತುಂಬಾ ಇಷ್ಟ.

ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಗಾಳಿಯ ಆಮ್ಲಜನಕ ಅಡ್ಡಬರುತ್ತೆ. ಒಳಗೆಲ್ಲ ಕಲ್ಲಾದ್ರೂ ಮೇಲ್ಮೈ ಅಂಟಂಟು. ಬಟ್ಟೆ ಕೂರಿಸೋ ಪದರಕ್ಕೆ ಆ ಅಂಟೇ ಲಾಭ, ಮುಂದಿನ ಪದರ ಅದರ ಜೊತೆ ಬೆಸೆದುಕೊಳ್ಳುತ್ತೆ. ಆದ್ರೆ ಅದರ ಮೇಲಿನ ಹಾಟ್ ಕೋಟ್ ಅಂಟಾಗೇ ಉಳಿದ್ರೆ? ಉಜ್ಜೋಕೆ ಹೋದ ಮರಳುಕಾಗದ ಕ್ಷಣದಲ್ಲಿ ಮೆತ್ತಿಕೊಳ್ಳುತ್ತೆ. ಹಾಗಾಗಿ ಆ ಪದರಕ್ಕೆ ಸ್ಟೈರೀನಲ್ಲಿ ಕರಗಿಸಿದ ಪ್ಯಾರಾಫಿನ್ ಮೇಣ ಬೆರೆಸ್ತಾರೆ. ರೆಸಿನ್ ಗಟ್ಟಿಯಾಗ್ತಾ ಮೇಣ ತೇಲಿ ಮೇಲೆ ಬರುತ್ತೆ, ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ, ಗಾಳಿಯನ್ನ ತಡೆಯುತ್ತೆ. ಇದೇ ಮೇಣ ತಪ್ಪಿ ಮೊದಲ ಪದರಕ್ಕೆ ಬಿದ್ರೆ, ಚೆನ್ನಾಗಿ ಉಜ್ಜದ ಹೊರತು ಮೇಲಿನ ಕೋಟ್ ಹಿಡಿಯೋದಿಲ್ಲ. ಬೋರ್ಡಿನ ಸಿಪ್ಪೆ ಏಳುತ್ತೆ.

ಗಟ್ಟಿ ಮಾಡೋ ಎಂಇಕೆಪಿ ಸಾಮಾನ್ಯವಾಗಿ ಶೇ. 1ರಿಂದ 2, ಅಂದ್ರೆ ಕೆಜಿಗೆ 10ರಿಂದ 20 ಗ್ರಾಂ. ಚಳಿಗೆ ಸ್ವಲ್ಪ ಜಾಸ್ತಿ, ಬಿಸಿಲಿಗೆ ಕಮ್ಮಿ. ಜಾಸ್ತಿಯಾದ್ರೆ ಡಬ್ಬಿಯಲ್ಲೇ ಕುದ್ದು ಹೊಗೆಯಾಡುತ್ತೆ. ಇದು ಕಣ್ಣಿಗೆ ಸಿಡಿದ್ರೆ ದೃಷ್ಟಿಯೇ ಹೋಗಬಹುದು. ರೆಸಿನ್‌ಗೆ ಸೇರಿಸೋ ಕೋಬಾಲ್ಟ್ ಜೊತೆ ನೇರ ಬೆರೆಸಿದ್ರಂತೂ ಸ್ಫೋಟ! ಸ್ಟೈರೀನ್ ಹೊಗೆ ಬೇರೆ. ಅಗ್ಗದ ಬೋರ್ಡಿನ ಲೆಕ್ಕದಲ್ಲಿ ಕೆಲಸಗಾರನ ಈ ಖರ್ಚು ಯಾವ ಕಾಲಂನಲ್ಲೂ ಕಾಣಲ್ಲ.

ಆಮೇಲೆ ಎಂಇಕೆಪಿ ಬದಲು ಬಿಸಿಲಿಗೇ ಗಟ್ಟಿಯಾಗೋ ಪುಡಿ ಬಂತು. ನೆರಳಲ್ಲಿ ನಿಧಾನವಾಗಿ ಹಚ್ಚಿ, ಬೋರ್ಡನ್ನ ಹೊರಗಿಟ್ರೆ ಕೆಲವೇ ನಿಮಿಷ. ಹಳದಿ ತಿರುಗೋದು ನಿಧಾನವಾಗಲಿ ಅಂತ ಯುವಿ ತಡೆಯೋ ದ್ರವ್ಯವನ್ನೂ ಹಾಕ್ತಾರೆ.

ಆ ಕ್ಲಾರ್ಕ್, 2005ರ ಡಿಸೆಂಬರ್ 5ರಂದು ತಮ್ಮ ಫೋಮ್ ಕಂಪನಿಯನ್ನ ದಿಢೀರ್ ಮುಚ್ಚಿದರು. ಅದು ಮುಂದಿನ ಎಪಿಸೋಡ್.